ನಾಲಾಗಿರಿಯ ಹೊಟ್ಟೆಯ ಹೊಲಿಗೆ

ಕಂತು ಏಳು

"ಹೊರಗ ಬಾರೋ ನರಸಿಂಗ. ಆನಿ ಹೊಟ್ಟ್ಯಾಗ ಏನ್ ಮರಿ ಹುಡುಕಲತ್ತೀ?"

ಹೆಡ್ ಕಾನ್‌ಸ್ಟೇಬಲ್ ಅಬ್ದುಲ ಅಜೀಜ ಸಾಹೇಬರ ಬೂಟು ನನ್ನ ಕಿವಿಯ ಪಕ್ಕದಲ್ಲೇ ಇತ್ತು. ಭಾಲ್ಕಿಯ ರಂಗಮಂದಿರದ ಸ್ಟೇಜಿನ ಮೇಲೆ, ನಾನೇ ಕಟ್ಟಿದ ಆನೆಯ ಕೆಳಗೆ, ನಾನು ಅಂಗಾತ ಮಲಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಮೇಲೆ ಕಾದ ತಗಡು. ಬೆವರು ಕಣ್ಣಿಗಿಳಿಯುತ್ತಿತ್ತು.

ನಿನ್ನೆ ಸಂಜೆ ಇದೇ ಆನೆ ನಿಲ್ಲಬೇಕಾದ ಬಿಳಿ ಗೆರೆಯಲ್ಲಿ ನಿಲ್ಲದೆ ಮುಂದೆ ಹೋಗಿ, ಬುದ್ಧನಾಗಿ ಕೂತಿದ್ದ ಮಚ್ಛೇಂದ್ರನ ತೊಡೆ ಮುರಿದಿತ್ತು. ರಿಮೋಟ್ ಹಿಡಿದಿದ್ದ ನನ್ನ ಉಸ್ತಾದ ನಜಮೋದ್ದೀನರು ಈಗ ಠಾಣೆಯ ಬೆಂಚಿನ ಮೇಲಿದ್ದರು. ಐದು ಗಂಟೆಗೆ ಅವರನ್ನು ನ್ಯಾಯಾಧೀಶರ ಮುಂದೆ ಒಯ್ಯುತ್ತಾರೆ. ದೂರಿನಲ್ಲಿ ಬರೆದದ್ದು ಅಪಘಾತ ಎಂದಲ್ಲ, ಕೊಲ್ಲುವ ಪ್ರಯತ್ನ ಎಂದು.

ನನ್ನ ಕೈಯಲ್ಲಿ ಮೂರು ತಾಸು ಇತ್ತು.

"ಹೊಟ್ಟಿ ಹೊಲಿಗಿ ನೋಡಲತ್ತೇನ್ರಿ ಸಾಹೇಬ್ರ."

"ಹೊಲಿಗ್ಯಾಗ ಏನದ?"

ಏನಿತ್ತೆಂದು ನನಗೂ ಗೊತ್ತಾಗಲಿಲ್ಲ. ಆನೆಯ ಹೊಟ್ಟೆಯೊಳಗೆ ರಿಮೋಟಿನ ಮಾತು ಕೇಳುವ ಡಬ್ಬಿ ಇದೆ. ಡಬ್ಬಿ ಇಟ್ಟ ಮೇಲೆ ಬೂದು ಬಣ್ಣದ ಮಖಮಲ್ ಬಟ್ಟೆಯನ್ನು ನಾನೇ ಕರಿ ದಾರದಲ್ಲಿ ಹೊಲಿದಿದ್ದೆ, ಗೋಣಿಚೀಲ ಹೊಲಿದ ಹಾಗೆ ಒಡ್ಡೊಡ್ಡಾಗಿ. ಈಗ ಅಲ್ಲಿದ್ದದ್ದು ಕಾವಿ ದಾರ. ಹೊಲಿಗೆ ಸಣ್ಣದು, ಸಾಲು ಸೀದಾ, ನಾಲ್ಕು ಹೊಲಿಗೆಗೊಂದು ಗಂಟು. ಕೌದಿ ಹೊಲಿಯುವವರು ಹಾಕುವಂಥ ಗಂಟು.

ಎಲ್ಲೋ ಹರಿದಿರಬೇಕು, ಯಾರೋ ಹೊಲಿದಿರಬೇಕು. ಹಾಗಂದುಕೊಂಡು ಹೊರಗೆ ಬಂದೆ. ಆದರೆ ಮನಸ್ಸು ಅಲ್ಲೇ ಉಳಿಯಿತು.

ಈ ಆನೆಯ ಹೆಸರು ನಾಲಾಗಿರಿ. ನಾಟಕದಲ್ಲಿ ದೇವದತ್ತ ಇದಕ್ಕೆ ಸೆರೆ ಕುಡಿಸಿ ಬುದ್ಧನ ಮೇಲೆ ಬಿಡುತ್ತಾನೆ. ಇದು ಓಡಿ ಬಂದು, ಬುದ್ಧನ ಮುಖ ನೋಡಿ, ಆರು ಅಡಿ ದೂರದಲ್ಲಿ ಮೊಣಕಾಲೂರುತ್ತದೆ. ಹೋದ ವರ್ಷದವರೆಗೆ ಆನೆಯೊಳಗೆ ಜನವಾಡದ ನಾಲ್ವರು ಗಂಡಸರು ನಡೆಯುತ್ತಿದ್ದರು, ಒಬ್ಬೊಬ್ಬರು ಒಂದೊಂದು ಕಾಲು. ಈ ಬೇಸಿಗೆ ಊರಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಕೂಲಿ ಎಲ್ಲಿಂದ ಬರಬೇಕು? ನಾಲ್ವರೂ ಹೈದರಾಬಾದಿನ ಕಟ್ಟಡದ ಕೆಲಸಕ್ಕೆ ಹೋದರು. ಆನೆಯ ನಾಲ್ಕು ಕಾಲೂ ಊರು ಬಿಟ್ಟವು ಎಂದು ಭಾಲ್ಕಿಯ ಜನ ನಗಾಡಿದರು.

ಆಗ ನಾಟಕ ಸಂಘದವರು ಕೊಳಾರದ ನಮ್ಮ ಅಂಗಡಿಗೆ ಬಂದರು. ಎಂಟನೇ ಇಯತ್ತೆಗೆ ಸಾಲಿ ಬಿಟ್ಟ ನನಗೆ ತಾಮ್ರದ ತಂತಿ ಸುತ್ತುವುದು ಕಲಿಸಿ ಅನ್ನಕ್ಕೆ ಹಚ್ಚಿದ ಅಂಗಡಿ ಅದು, ಉಸ್ತಾದರದು. ಗುಜರಿಯಿಂದ ಬ್ಯಾಟರಿ ಗಾಲಿಕುರ್ಚಿಯ ಎರಡು ಮೋಟಾರು ತಂದೆವು. ಕಬ್ಬಿಣದ ಕೊಳವೆಯ ಮೈ ಕಟ್ಟಿದೆವು. ಮೊಣಕಾಲಿಗೆ ಒಂದು ಮೋಟಾರು ಜಾಕು. ಕೊಳವೆಬಾವಿಯ ಪಂಪಿಗೆ ನಾವು ಕೂರಿಸಿ ಕೊಡುವ ರಿಮೋಟಿನ ಡಬ್ಬಿಯನ್ನೇ ಇದಕ್ಕೂ ಹಾಕಿದೆವು. ಒಂದನೇ ಬಟನು ಮುಂದೆ, ಎರಡನೆಯದು ಹಿಂದೆ, ಮೂರನೆಯದು ಮೊಣಕಾಲೂರಿ ಕೂಡುವುದು.

ಉಸ್ತಾದರು ಅದಕ್ಕೆ ಮೂರು ಕಾವಲು ಇಟ್ಟಿದ್ದರು. ಸಂಘದವರನ್ನೆಲ್ಲ ಕೂರಿಸಿಕೊಂಡು ಹೇಳಿದ್ದರು: "ಬೆರಳು ತಗದ್ರ ಆನಿ ನಿಲ್ಲಬೇಕು. ಬೆರಳು ಮರತ್ರ ಕಟಗಿ ನಿಲ್ಲಿಸಬೇಕು. ಕಟಗಿ ಮರತ್ರ ಕಿವಿ ನಿಲ್ಲಿಸಬೇಕು."

ಕಟಗಿ ಎಂದರೆ ಬಿಳಿ ಗೆರೆಯ ಮೇಲೆ ಸ್ಕ್ರೂ ಹೊಡೆದು ಕೂರಿಸಿದ ಸಾಗವಾನಿ ಪಟ್ಟಿ. ಗಾಲಿ ಅದಕ್ಕೆ ಬಡಿದರೆ ಮುಂದೆ ಹೋಗದು. ಕಿವಿ ಎಂದರೆ ಆನೆಯ ಬಲಗಿವಿಯ ಹಿಂದಿನ ಕೆಂಪು ಗುಂಡಿ. ಗುದ್ದಿದರೆ ಬ್ಯಾಟರಿಯ ಕರೆಂಟು ಕಡಿಯುತ್ತದೆ.

ನಿನ್ನೆ ಮೂರೂ ಕೆಲಸಕ್ಕೆ ಬರಲಿಲ್ಲ.

"ರಿಮೋಟ್ ತಂದೀರೇನ್ರಿ?" ಎಂದೆ.

ಅಬ್ದುಲ ಅಜೀಜ ಸಾಹೇಬರು ಕಿಸೆಯಿಂದ ಪ್ಲಾಸ್ಟಿಕ್ ಚೀಲ ತೆಗೆದರು. ಅರಗಿನ ಮುದ್ರೆ ಹಾಕಿದ ಚೀಲದೊಳಗೆ ಉಸ್ತಾದರ ರಿಮೋಟ್. "ಚೀಲ ಬಿಚ್ಚಂಗಿಲ್ಲ. ಮ್ಯಾಲಿಂದ ಒತ್ತು. ಅದೂ ನಾ ಹಿಡದಿರ್ತೇನಿ. ನಿಮ್ಮ ಉಸ್ತಾದ ನನ್ನ ಮನಿ ಫ್ಯಾನು ಇಪ್ಪತ್ತು ವರ್ಷ ತಿರುಗಿಸ್ಯಾನ ಅಂತ ಇಷ್ಟು. ಬ್ಯಾರೆ ಯಾವನಿಗೂ ಮಾಡ್ತಿದ್ದಿಲ್ಲ."

ನಾನು ಸ್ಟೇಜು ಖಾಲಿ ಮಾಡಿಸಿದೆ. ಆನೆಯ ಮುಂದೆ ಯಾರೂ ಇಲ್ಲವೆಂದು ಎರಡು ಸಲ ನೋಡಿದೆ. ಬ್ಯಾಟರಿಯ ವೈರು ಚುಚ್ಚಿದೆ. ಒತ್ತಿದೆ.

ನಾಲಾಗಿರಿ ಗುರುಗುಟ್ಟಿ ಮುಂದೆ ಬಂತು. ಬೆರಳು ತೆಗೆದೆ. ನಿಂತಿತು.

ಹತ್ತು ಸಲ ಒತ್ತಿದೆ, ಹತ್ತು ಸಲ ಬಿಟ್ಟೆ. ಹತ್ತೂ ಸಲ ಗೇಣುದ್ದ ಜಾರಿ ನಿಂತಿತು. ಬಟನು ಅಂಟುತ್ತಿರಲಿಲ್ಲ. ಕಿವಿ ಗುದ್ದಿದೆ, ಅದೂ ಸರಿಯಾಗಿತ್ತು. ಗುಂಡಿ ಮತ್ತೆ ಎತ್ತಿ ಆನೆಯನ್ನು ಹಿಂದಕ್ಕೆ ತಂದು ನಿಲ್ಲಿಸಿದೆ.

ನನಗೆ ಖುಷಿಯಾಯಿತು. ನಾ ಕಟ್ಟಿದ ಮಷೀನು ಬರೋಬರಿ ಇದೆ! ಆ ಖುಷಿ ಒಂದು ಉಸಿರಿನಷ್ಟೇ ಇತ್ತು.

"ಅಂದ್ರ," ಎಂದರು ಸಾಹೇಬರು ಮೆಲ್ಲಗೆ, "ಮಷೀನದಾಗ ಖೋಟ ಇಲ್ಲ."

"ಇಲ್ಲ."

"ಅಂದ್ರ ನಿಮ್ಮ ಉಸ್ತಾದ ಬೆರಳು ತಗೀಲಿಲ್ಲ."

ಉಸ್ತಾದರನ್ನು ಬಿಡಿಸಲು ಬಂದವನು ನಾನೇ ಅವರ ಕೈಗೆ ಬೇಡಿ ಹಾಕಿದ್ದೆ.

"ನಾ ಹೇಳಿದ್ದಿಲ್ಲೇನು?" ಕೆಳಗಿನ ಕುರ್ಚಿಯಿಂದ ಹಾವಗೆಪ್ಪ ಸಾವಕಾರರು ಎದ್ದರು. ಸಂಘದ ಅಧ್ಯಕ್ಷರು, ದೂರು ಕೊಟ್ಟವರು. ಖಟಕ ಚಿಂಚೋಳಿಯಲ್ಲಿ ಹೊಲ, ಭಾಲ್ಕಿಯಲ್ಲಿ ಬಂಗಲೆ, ಬಾಯಲ್ಲಿ ಸದಾ ಪಾನು. "ಮೊನ್ನಿ ತಾಲೀಮಿನಾಗ ಎಲ್ಲಾರೂ ಕೇಳ್ಯಾರ. 'ಸಾಯ್ತಿ ನೀನು ಮಚ್ಛೇಂದ್ರ' ಅಂತ ಒದರಿದ್ದ ನಿನ್ನ ಉಸ್ತಾದ. ಒದರಿದ ಮರುದಿನನ ಆನಿ ಮ್ಯಾಲ ಹೋಯ್ತು. ಇದಕ್ಕಿಂತ ಮತ್ತೇನ್ ಬೇಕು?"

"ಉಸ್ತಾದ ಯಾಕ ಒದರಿದರು ಅಂತ ಕೇಳಿದ್ರೇನು?"

"ಕೇಳ್ದೆ. ಬಾಯಿ ತಗೀವಲ್ಲ. ಮಚ್ಛೇಂದ್ರನೂ ಹೇಳವಲ್ಲ."

ಅದು ನಿಜವಿತ್ತು. ಬೆಳಿಗ್ಗೆ ಠಾಣೆಯಲ್ಲಿ ನಾನೂ ಕೇಳಿದ್ದೆ. ಉಸ್ತಾದರು ಹೇಳಿದ್ದು ಎರಡೇ ಮಾತು. "ಬೆರಳು ತಗದಿದ್ದೆ ಬೇಟಾ." ಆಮೇಲೆ ಗೋಡೆ ನೋಡುತ್ತ ಕೂತರು.

ನಾಡಿದ್ದು ಔರಾದದಲ್ಲಿ ಶೋ ಇದೆಯೆಂದು ಸಾವಕಾರರು ಆಗಲೇ ಬೇರೆ ಬುದ್ಧನನ್ನು ಹುಡುಕುತ್ತಿದ್ದರು. ಇದೇ ಆನೆ, ಬೇರೆ ತೊಡೆ. ನನಗೆ ಉರಿದುಹೋಯಿತು.

"ಕಟಗಿ ಎಲ್ಲಿ?" ಎಂದು ಚೀರಿದೆ. "ಗೆರಿ ಮ್ಯಾಲಿನ ಪಟ್ಟಿ ತಗದವರು ಯಾರು?"

ಸ್ಟೇಜಿನ ಮೇಲೆ ನಾಲ್ಕು ಸ್ಕ್ರೂ ತೂತು ಮಾತ್ರ ಇದ್ದವು. ಕಟ್ಟಿಗೆ ಒಡೆದಿರಲಿಲ್ಲ. ಸಮಾಧಾನದಿಂದ ತಿರುವಿ ಬಿಚ್ಚಿದ್ದರು.

"ನಾನೇ ತಗಸೀನಿ ತಮ್ಮಾ."

ನಾಟಕ ಕಲಿಸುವ ಲಲಿತಾಬಾಯಿ. ಸೆರಗಿನಿಂದ ಮುಖ ಒರೆಸಿಕೊಂಡರು. ಮುಖದ ಬಣ್ಣ ತೊಳೆಯಲು ನೀರಿಲ್ಲದೆ, ನಿನ್ನೆಯ ರಾಣಿಯ ಕುಂಕುಮ ಇನ್ನೂ ಹಣೆಯ ಮೇಲಿತ್ತು. "ಮೊದಲಿನ ಸೀನಿನಾಗ ಕುಣಿಯೋ ಹುಡುಗ್ಯಾರು ಎಡವಿ ಬೀಳ್ತಿದ್ರು. ಕುಣಿತ ಮುಗಿದ ಮ್ಯಾಲ ಹಚ್ಚೋಣ ಅಂದಿದ್ದೆ. ಅಷ್ಟರಾಗ ಟ್ಯಾಂಕರ್ ಬಂತು."

"ಟ್ಯಾಂಕರಿಗೂ ಕಟಗಿಗೂ ಏನ್ ಸಂಬಂಧರಿ ಅಕ್ಕಾ?"

"ಮೂರು ದಿನದ ಮ್ಯಾಲ ಬಂದಿತ್ತೋ! ಬುದ್ಧನ ಶಿಷ್ಯರು, ದೇವದತ್ತ, ರಾಜ, ಎಲ್ಲಾರೂ ಕೊಡ ಹಿಡಕೊಂಡು ಓಡಿದರು. ಹನ್ನೊಂದು ಡ್ರಮ್ಮು ತುಂಬಿದಿವಿ. ಹೊರಗಿಟ್ರ ಕದೀತಾರಂತ ಬಲಗಡಿ ಪರದೆ ಹಿಂದ ತಂದಿಟ್ಟಿವಿ. ಕಟಗಿ ನೆನಪಾಗಲಿಲ್ಲ ಯಪ್ಪಾ."

ಬಲಗಡೆ ಹೋಗಿ ನೋಡಿದೆ. ನೀಲಿ ಡ್ರಮ್ಮುಗಳು ಒತ್ತಾಗಿ ನಿಂತಿದ್ದವು. ಉಸ್ತಾದರು ನಿಲ್ಲಬೇಕಾದ ಜಾಗವೇ ಅದು. ಜಾಗವಿಲ್ಲದೆ ಅವರು ಎಡಗಡೆ ನಿಂತಿದ್ದರು. ಕೆಂಪು ಗುಂಡಿ ಇರುವುದು ಬಲಗಿವಿಯಲ್ಲಿ. ಆನೆ ನಿಲ್ಲುತ್ತಿಲ್ಲವೆಂದು ಕಂಡಾಗ ಅರವತ್ತೆರಡರ ಮುದುಕ ಆನೆಯ ಹಿಂದಿನಿಂದ ಸುತ್ತಿ ಬರುವಷ್ಟರಲ್ಲಿ ಮೂಳೆ ಮುರಿದಿತ್ತು.

ಅಲ್ಲೇ ಡ್ರಮ್ಮಿಗೆ ಆತು ಕೂತೆ. ಕಟಗಿ ತೆಗೆದವರು ಕೊಲೆಗಾರರಲ್ಲ, ಕುಣಿಯುವ ಮಕ್ಕಳ ಕಾಲು ನೋಡಿದವರು. ಕಿವಿಗೆ ಕೈ ತಲುಪದಂತೆ ಮಾಡಿದ್ದು ಕುಡಿಯುವ ನೀರು. ಎರಡು ಕಾವಲು ಹೋದದ್ದು ತಿಳಿಯಿತು. ಮೂರನೆಯದು? ಬೆರಳು ತೆಗೆದ ಮೇಲೂ ಆನೆ ಓಡಿದ್ದು ಹ್ಯಾಂಗೆ? ಉಸ್ತಾದರು ಸುಳ್ಳು ಹೇಳುತ್ತಾರೆಯೇ? ಹನ್ನೊಂದು ವರ್ಷದಲ್ಲಿ ಅವರು ನನಗೆ ಹೇಳಿದ ಸುಳ್ಳು ಒಂದೇ, "ಹಸಿವಿಲ್ಲ, ನೀನೇ ಉಣ್ಣು" ಎಂಬುದು.

"ಅಕ್ಕಾ, ಆನಿ ಹೊಟ್ಟಿ ನೀವ ಹೊಲದೀರೇನು?"

"ನಾನಾ? ನನಗ ಸೂಜಿ ಪೋಣಸಾಕ ಬರಂಗಿಲ್ಲೋ."

ಮತ್ತೆ ತಲೆಯೊಳಗೆ ಕಾವಿ ದಾರ ಸಿಕ್ಕುಗಟ್ಟಿತು.

ಆಗ ನೆನಪಾಯಿತು. ತಾಯಿ ರಿಮೋಟ್!

ಇದನ್ನು ಪೊಲೀಸರಿಗೆ ಹೇಳಿರಲಿಲ್ಲ. ಹೇಳುವಂಥದ್ದೂ ಅಲ್ಲ. ಎರಡು ಬೇಸಿಗೆಯಿಂದ ಜನ ಪುಣೆಗೋ ಹೈದರಾಬಾದಿಗೋ ಹೊರಡುವಾಗ ಮನೆಗೆ ಬೀಗ ಹಾಕಿ, ಪಂಪಿನ ರಿಮೋಟನ್ನು ಕಿಸೆಯಲ್ಲೇ ಒಯ್ಯುತ್ತಿದ್ದರು. ಹಿಂದೆ ಉಳಿದ ಮುದುಕಿಯರು ನಮ್ಮ ಅಂಗಡಿಯ ಮುಂದೆ ಬಂದು ಅಳುತ್ತಿದ್ದರು. ಅದಕ್ಕೆ ಉಸ್ತಾದರು ಒಂದು ಪದ್ಧತಿ ಮಾಡಿದರು. ಅಂಗಡಿಯಿಂದ ಹೊರಡುವ ಪ್ರತಿ ಡಬ್ಬಿಗೂ ಮೊದಲು ನಮ್ಮದೇ ಒಂದು ರಿಮೋಟಿನ ಗುರುತು ಕಲಿಸುವುದು, ಆಮೇಲೆ ಗಿರಾಕಿಯದು. ಕಲಿಸುವುದು ಕಷ್ಟವಲ್ಲ. ಡಬ್ಬಿಯೊಳಗಿನ ಸಣ್ಣ ಗುಂಡಿಯನ್ನು ಹಿಡಿದು, ಹೊಸ ರಿಮೋಟನ್ನು ಒಮ್ಮೆ ಒತ್ತಿದರಾಯಿತು. ನಮ್ಮ ಆ ರಿಮೋಟಿಗೆ ಕೆಂಪು ದಾರ ಕಟ್ಟಿ ಮೊಳೆಗೆ ತೂಗುಹಾಕಿದ್ದೆವು. ನಾವು ಕೂರಿಸಿದ ಪಂಪೆಲ್ಲ ಅದರ ಮಾತು ಕೇಳುತ್ತಿದ್ದವು.

ಆನೆಯ ಡಬ್ಬಿಗೂ ಅದನ್ನು ಕಲಿಸಿದ್ದವನು ನಾನೇ. ರೂಢಿಯ ಮೇಲೆ. ಇದು ಪಂಪಲ್ಲ, ಮನುಷ್ಯನ ಮೇಲೆ ಓಡುವ ಆನೆ ಎಂದು ಯೋಚಿಸಲೇ ಇಲ್ಲ.

ಬಿಸ್ಮಿಲ್ಲಾಬೀಗೆ ಫೋನು ಹಚ್ಚಿದೆ. ಉಸ್ತಾದರ ಹೆಂಡತಿ, ಅಂಗಡಿಯ ಹಿಂದೆಯೇ ಮನೆ.

"ಚಾಚಿ, ಮೊಳಿಗೆ ಕೆಂಪು ದಾರದ ರಿಮೋಟ್ ಅದ ಏನು ನೋಡ್ರಿ."

"ಅದೆಲ್ಲಿಂದ ಇರಬೇಕು ಬೇಟಾ? ಹದಿನೈದು ದಿನ ಆಯ್ತು. ನಿಮ್ಮ ಉಸ್ತಾದ ಒಬ್ಬಾಂವಗ ಕೊಟ್ಟಾರ."

"ಯಾರಿಗಿ?"

"ಪರದೆ ಹಿಂದಿಂದ ಚಹಾ ಕೊಟ್ಟೆ, ಮಾರಿ ನೋಡಿಲ್ಲ. ದನಿ ಮಾತ್ರ ಕೇಳೀನಿ. ಮೆತ್ತಗ, ತಡದು ತಡದು... ಮಸೂತ್ಯಾಗ ಶುಕ್ರವಾರದ ಖುತಬಾ ಓದಿದಂಗ. ನೀರಿಗಿ ಬೇಡೋನೂ ಅಷ್ಟು ಚಂದ ಬೇಡತಾನೇನು ಅಂತ ಅಂದುಕೊಂಡೆ." ದನಿ ತಗ್ಗಿಸಿದರು. "ನರಸಿಂಗ, ಐದಕ್ಕ ಒಯ್ತಾರಂತ ಖರೇ ಏನು? ಗುಳಿಗಿ ತಗೊಂಡಿಲ್ಲ ಅವರು."

"ಫಿಕರ್ ಮಾಡಬ್ಯಾಡ್ರಿ ಚಾಚಿ."

ಮೆತ್ತಗಿನ, ತಡೆದು ತಡೆದು ಆಡುವ ದನಿ ನಮ್ಮ ಸಂಘದಲ್ಲಿ ಒಂದೇ. ಅದನ್ನು ಕೇಳಿಯೇ ಲಲಿತಾಬಾಯಿ ಅವನಿಗೆ ಬುದ್ಧನ ಪಾತ್ರ ಕೊಟ್ಟಿದ್ದರು.

ಅಲ್ಲಿಂದ ಓಡಿದೆ. ಹಿಂದೆ ತಿರುಗಿ ನೋಡದೆ ಓಡಿದೆ. ಆ ಅವಸರದಲ್ಲಿ ಒಂದು ಕೆಲಸ ಬಿಟ್ಟೆ, ಅದು ಆಮೇಲೆ ತಿಳಿಯಿತು.

ದವಾಖಾನೆಯಲ್ಲಿ ನಾಲ್ಕೂವರೆಗೆ ಮೊದಲು ಯಾರನ್ನೂ ಒಳಗೆ ಬಿಡುವುದಿಲ್ಲ. ಗೇಟಿನ ಹೊರಗೆ ಹುಣಸೆ ಮರದಡಿ ಮುಕ್ಕಾಲು ತಾಸು ಹಲ್ಲು ಕಚ್ಚಿಕೊಂಡು ನಿಂತೆ. ನಾಲ್ಕೂವರೆಗೆ ಸರಿಯಾಗಿ ಒಳಗೆ ನುಗ್ಗಿದೆ.

ಮಚ್ಛೇಂದ್ರ ಕಿಟಕಿಯ ಪಕ್ಕದ ಮಂಚದಲ್ಲಿದ್ದ. ಖಟಕ ಚಿಂಚೋಳಿಯ ಗ್ರಂಥಾಲಯ ನೋಡಿಕೊಳ್ಳುವವನು, ನನಗಿಂತ ಹತ್ತು ವರ್ಷ ದೊಡ್ಡವನು. ಕಾಲಿಗೆ ಇಟ್ಟಂಗಿಯ ತೂಕ ಕಟ್ಟಿ ಎಳೆದಿದ್ದರು. ಮಂಚದ ಬದಿಯ ಸ್ಟೂಲಿನ ಮೇಲೆ ಚಹಾದ ಥರ್ಮಾಸ್, ಕೆಳಗೆ ಮಡಿಸಿಟ್ಟ, ಬುದ್ಧನ ಪಾತ್ರಕ್ಕೆ ಉಟ್ಟಿದ್ದ ಕಾವಿ ಚೀವರ.

"ಬಾ ನರಸಿಂಗ. ಅಂಜನಾ ಚಹಾ ತರಾಕ ಹೋಗ್ಯಾಳ. ಕುಡದು ಹೋಗು." ಅಂಜನಾ ಅವನ ಹೆಂಡತಿ, ನನಗೆ ವೈನಿ.

"ಚಹಾ ಕುಡಿಯಾಕ ಬಂದಿಲ್ಲಣ್ಣ. ತಾಯಿ ರಿಮೋಟ್ ಕೊಡು."

"ಯಾವ ತಾಯಿ?"

"ಬುದ್ಧನ ಪಾತ್ರ ಸ್ಟೇಜಿನ ಮ್ಯಾಲ ಮಾಡು. ಇಲ್ಲಿ ಸುಳ್ಳಾಡಿದ್ರ ಆ ಇನ್ನೊಂದು ಕಾಲು ನಾ ಮುರೀತೇನಿ!"

ಪಕ್ಕದ ಮಂಚದ ಮುದುಕ ಎದ್ದು ಕೂತ. ಮಚ್ಛೇಂದ್ರ ನಗಲು ಹೋಗಿ ನೋವಿಗೆ ಮುಖ ಕಿವುಚಿದ.

"ಜರಾ ಮೆಲ್ಲಗ ಮಾತಾಡು. ಮುರದ ಕಾಲೇ ಸಾಕು, ಇನ್ನೊಂದರ ತೂಕ ತೂಗಾಕ ಇಲ್ಲಿ ಇಟ್ಟಂಗಿಯೂ ಇಲ್ಲ."

"ಅಲ್ಲಿ ಉಸ್ತಾದರಿಗಿ ಐದು ಗಂಟಿಗಿ ಜೈಲು. ಇಲ್ಲಿ ನಿನಗ ನಗಿ?"

ನಗೆ ಹೋಯಿತು. ಅವನು ದಿಂಬಿನ ಕೆಳಗೆ ಕೈ ಹಾಕಿದ. ಸೊಂಟಕ್ಕೆ ಕಟ್ಟುವ ಬಟ್ಟೆಯ ಚೀಲ, ಅದರೊಳಗೆ ಕೆಂಪು ದಾರದ ರಿಮೋಟ್.

"ಕದ್ದಿಲ್ಲ. ಉಸ್ತಾದರೇ ಕೊಟ್ಟಾರ. ನಮ್ಮ ಓಣ್ಯಾಗ ಈಗ ಉಳದಿರೋರು ಮುದುಕ್ಯಾರು, ಇಬ್ಬರು ಬಾಣಂತೇರು. ಟ್ಯಾಂಕರು ನಾಲ್ಕು ದಿನಕ್ಕೊಮ್ಮಿ. ಓಣಿ ಬಾಜೂಕೇ ಹಾವಗೆಪ್ಪನ ಬೋರು, ಅದಕ್ಕೂ ನಿಮ್ಮ ಅಂಗಡಿ ಡಬ್ಬಿನೇ. ನೀರದ. ಸ್ಟಾರ್ಟರಿಗೆ ಬೀಗ, ರಿಮೋಟ್ ಅವನ ಕಿಸ್ಯಾಗ. ಮಧ್ಯಾಹ್ನ ಕಾವಲಿನವ ಬೇವಿನ ಗಿಡದ ಬುಡಕ್ಕ ಮಲಗ್ತಾನ. ನಾ ಬದುವಿನ ಮ್ಯಾಲ ನಿಂತು ಒತ್ತತೇನಿ. ಹತ್ತ ನಿಮಿಷ. ಕೊಡ ತುಂಬಿದ್ರ ಬಂದ್ ಮಾಡ್ತೇನಿ."

ತಲೆಯೊಳಗೆ ಎಲ್ಲ ಒಮ್ಮೆಲೇ ಕೂಡಿಕೊಂಡಿತು. ರಿಮೋಟ್ ಇವನ ಸೊಂಟದಲ್ಲಿತ್ತು. ಇವನು ಪದ್ಮಾಸನ ಹಾಕಿ ಕೂತಿದ್ದ. ತೊಡೆಗೂ ಹೊಟ್ಟೆಗೂ ನಡುವೆ ಬಟನು ಒತ್ತಿತು. ಉಸ್ತಾದರು ಬೆರಳು ತೆಗೆದರೂ ಇವನ ಹೊಟ್ಟೆ ಆನೆಯನ್ನು ಕರೆಯುತ್ತಲೇ ಇತ್ತು. ಆನೆ ಹತ್ತಿರ ಬಂದ ಹಾಗೆ ಇವನು ಬುದ್ಧನಲ್ಲವೇ, ಅಲುಗದೆ ಇನ್ನೂ ಗಟ್ಟಿಯಾಗಿ ಕೂತ. ಕೂತಷ್ಟೂ ಅದು ಬಂತು. ಜನ ಚಪ್ಪಾಳೆ ಹೊಡೆದರು.

"ನೀನೇ!" ಎಂದೆ. "ನಿನ್ನ ಮ್ಯಾಲ ಆನಿ ಬಿಟಗೊಂಡವ ನೀನೇ! ಸೊಂಟದಾಗ ಇಟಗೊಂಡು ಕುಂತಿದ್ದಿ, ಹೌದಲ್ಲ?"

"ಸೊಂಟದಾಗ ಇತ್ತು."

"ಮತ್ತ! ನಡಿ, ಸಾಹೇಬರಿಗಿ ಫೋನ್ ಹಚ್ಚತೇನಿ."

"ಹಚ್ಚು. ಮೊದಲ ಅದರ ಬೆನ್ನು ತಗದು ನೋಡು."

ನಾಣ್ಯದಿಂದ ರಿಮೋಟಿನ ಹಿಂದಿನ ಮುಚ್ಚಳ ಎಬ್ಬಿಸಿದೆ. ಒಳಗೆ ಖಾಲಿ. ಬೆರಳ ತುದಿಯಷ್ಟು ಸೆಲ್ಲು ಇರಬೇಕಾದ ಜಾಗದಲ್ಲಿ ಸ್ಪ್ರಿಂಗು ಮಾತ್ರ ನಡುಗುತ್ತಿತ್ತು.

"ಇದು... ಈಗ ತಗದಿ."

"ಮೊನ್ನಿ ತಗದೀನಿ. ತಾಲೀಮಿನಾಗ ಉಸ್ತಾದ ನನ್ನ ಸೊಂಟದಾಗ ಇದನ್ನ ನೋಡಿದರು. ಸೆಲ್ ಅದರಾಗೇ ಇತ್ತು. 'ರಿಮೋಟ್ ಕಿಸ್ಯಾಗ ಇಟಗೊಂಡು ಆನಿ ಮುಂದ ಕೂಡ್ತೀಯೇನು? ಸಾಯ್ತಿ ನೀನು ಮಚ್ಛೇಂದ್ರ!' ಅಂತ ಒದರಿದರು. ಹಾವಗೆಪ್ಪ ದೂರದಿಂದ ಕೊನೀದಷ್ಟೇ ಕೇಳ್ಯಾನ. ಅಲ್ಲೇ ತಗದು ಅಂಜನಾನ ಕೈಯಾಗ ಕೊಟ್ಟೆ. ಅವತ್ತಿಂದ ಸೆಲ್ ಆಕಿ ಹತ್ರನೇ."

ನಾನು ಕಟ್ಟಿದ್ದೆಲ್ಲ ಕುಸಿದು ಬಿತ್ತು. ಬೈಗುಳವೇ ಉಸ್ತಾದರ ನಿರಪರಾಧಿತ್ವಕ್ಕೆ ಸಾಕ್ಷಿ. ಆದರೆ ಆನೆ ಓಡಿಸಿದ್ದು ಯಾರು? ಉಸ್ತಾದರ ಬೆರಳಲ್ಲ. ಸೆಲ್ಲಿಲ್ಲದ ಈ ಪೆಟ್ಟಿಗೆಯೂ ಅಲ್ಲ.

"ಈ ಜಗಳದ ಮಾತಾದರೂ ಪೊಲೀಸರಿಗೆ ಹೇಳಬೇಕಿತ್ತಲ್ಲ ಅಣ್ಣಾ! ಯಾಕ ಹೇಳಲಿಲ್ಲ?"

"ಜಗಳದ ಮಾತು ತಗದ್ರ ರಿಮೋಟಿನ ಮಾತು ಬರ್ತದ. ರಿಮೋಟಿನ ಮಾತು ಬಂದ್ರ ಬೋರಿನ ಮಾತು. ನಾಳಿಗಿ ಹಾವಗೆಪ್ಪ ಸ್ಟಾರ್ಟರ್ ಕಿತ್ತಿ ಒಯ್ತಾನ." ಅವನ ದನಿ ಇಳಿಯಿತು. "ನಿನ್ನಿ ನನ್ನ ಗಾಡ್ಯಾಗ ಹಾಕೋವಾಗ ಉಸ್ತಾದ ಕಿವ್ಯಾಗ ಹೇಳಿದರು. 'ನೀರಿನ ಮಾತು ಬಾಯಿಂದ ತಗೀಬ್ಯಾಡ. ನನ್ನ ನಾ ನೋಡಕೋತೀನಿ' ಅಂತ."

ನನ್ನ ಕಣ್ಣು ಉರಿಯಿತು. ಸಿಟ್ಟು ಯಾರ ಮೇಲೆ ತೀರಿಸಲಿ? ಸುಮ್ಮನೆ ಕೂತ ಉಸ್ತಾದರ ಮೇಲೆಯೇ? ಸುಮ್ಮನಿದ್ದು ನೀರು ಕಾಯುವ ಇವನ ಮೇಲೆಯೇ? ಗೋಡೆಯ ಗಡಿಯಾರದಲ್ಲಿ ನಾಲ್ಕೂಮುಕ್ಕಾಲು.

ಫೋನು ಬಡಿದುಕೊಂಡಿತು. ಅಬ್ದುಲ ಅಜೀಜ ಸಾಹೇಬರು. ದನಿ ಅವರದೇ ಎಂದು ಗುರುತು ಹತ್ತಲಿಲ್ಲ, ಅಷ್ಟು ತೆಳ್ಳಗಿತ್ತು.

"ನರಸಿಂಗ, ಎಲ್ಲಿದ್ದೀ? ಆನಿ... ಆನಿ ನಡೀತೋ."

"ಏನಂದ್ರಿ?"

"ಈಗ. ನನ್ನ ಕಣ್ಣ ಮುಂದ. ಸ್ಟೇಜಿನ ಮ್ಯಾಲ ಒಂದು ನರಪಿಳ್ಳಿ ಇಲ್ಲ. ಲಲಿತಾಬಾಯಿ, ಹಾವಗೆಪ್ಪ ಸಾವಕಾರ್ರು ನನ್ನ ಬಾಜೂಕ ಕುಂತಾರ. ಸಾವಕಾರ್ರ ಬಾಯಾಗಿನ ಪಾನು ಅಂಗಿ ಮ್ಯಾಲ ಬಿದ್ದದ. ರಿಮೋಟ್ ನನ್ನ ಕೈಯಾಗ, ಮುದ್ರಿ ಸಮೇತ."

"ಬ್ಯಾಟರಿ..." ಎಂದೆ, ಅಲ್ಲಿಗೇ ನಿಂತೆ. ಕೆಲಸ ಮುಗಿದ ಮೇಲೆ ಮೊದಲು ಬ್ಯಾಟರಿಯ ವೈರು ಕೀಳಬೇಕು. ಉಸ್ತಾದರು ಮೊದಲ ದಿನವೇ ಕಲಿಸಿದ ಪಾಠ. ನಾನು ಕಿತ್ತಿರಲಿಲ್ಲ. "ಎಲ್ಲಿತನಾ ಹೋಯ್ತ್ರಿ? ಯಾರಿಗರ ಬಡೀತೇನು?"

"ಇಲ್ಲೋ! ಅದೇ ಹೇಳಲತ್ತೇನಿ. ಸೀದಾ ಬಂತು, ಬಿಳಿ ಗೆರಿ ಮ್ಯಾಲ ನಿಂತು, ನಮ್ಮ ಮುಂದ ಮೊಣಕಾಲೂರಿ ಕುಂತದ. ಒಂದು ಬೆರಳಷ್ಟೂ ಆ ಕಡಿ ಈ ಕಡಿ ಇಲ್ಲ."

ದೆವ್ವವಲ್ಲ ಎಂದು ನನಗೆ ಗೊತ್ತಿತ್ತು. ಗೆರೆಯ ಮೇಲೆ ನಿಲ್ಲಿಸಬೇಕಾದರೆ ಒಂದು ಗೇಣು ಮೊದಲೇ ಬೆರಳು ತೆಗೆಯಬೇಕು. ಆ ಲೆಕ್ಕ ತಾಲೀಮನ್ನು ದಿನಾ ಕೂತು ನೋಡಿದವರಿಗೆ ಮಾತ್ರ ಬರುತ್ತದೆ. ಆನೆಯ ಹೊಟ್ಟೆಗೆ ಯಾರೋ ಮೂರನೆಯ ರಿಮೋಟ್ ಕಲಿಸಿದ್ದರು. ಕಲಿಸಬೇಕಾದರೆ ಹೊಟ್ಟೆ ಬಿಚ್ಚಬೇಕು. ಬಿಚ್ಚಿದರೆ ಮತ್ತೆ ಹೊಲಿಯಬೇಕು.

"ಸಾಹೇಬ್ರ, ಮತ್ತ ಉಸ್ತಾದರನ್ನ ಬಿಡ್ತೀರಲ್ಲ? ಅವರು ಠಾಣ್ಯಾಗ ಇದ್ದಾಗೇ ಆನಿ ನಡದದ!"

"ಆನಿ ತಂತಾನೇ ನಡೀತು ಅಂತ ಬರದ್ರ ಮ್ಯಾಲಿನವರು ನನ್ನ ನೌಕರಿ ಕಳೀತಾರೋ. ಠಾಣೆಗಿ ಹೋಗಾಕ ಜೀಪು ಹೊರಗ ನಿಂತದ. ಒಂದು ಹೆಸರು ಕೊಡು. ಬರೀ ಒಂದು ಹೆಸರು. ನಜಮೋದ್ದೀನನ ಈ ಕ್ಷಣ ಮನಿಗಿ ಕಳಸ್ತೇನಿ."

ನನ್ನ ಕಣ್ಣು ಕೆಳಗಿಳಿಯಿತು. ಸ್ಟೂಲಿನ ಕೆಳಗಿನ ಚೀವರದ ಅಂಚು ನನ್ನ ಕಡೆ ತಿರುಗಿತ್ತು. ಬಗ್ಗಿ ಮುಟ್ಟಿದೆ. ಕಾವಿ ದಾರ. ಸಣ್ಣ ಹೊಲಿಗೆ, ಸೀದಾ ಸಾಲು. ಬೆರಳಿನಿಂದ ಎಣಿಸಿದೆ. ಒಂದು, ಎರಡು, ಮೂರು, ನಾಲ್ಕು, ಗಂಟು. ಒಂದು, ಎರಡು, ಮೂರು, ನಾಲ್ಕು, ಗಂಟು.

ಡಬ್ಬಿಗೆ ರಿಮೋಟ್ ಕಲಿಸುವುದು ಹ್ಯಾಂಗೆಂದು ನಾನೇ ಸಂಘದವರೆದುರು ಜಂಬದಿಂದ ತೋರಿಸಿದ್ದೆ. ಆ ದಿನ ಮೂಲೆಯಲ್ಲಿ ಒಬ್ಬ ಹೆಂಗಸು ಕೂತಿದ್ದಳು. ತಲೆ ಎತ್ತದೆ ಚೀವರ ಹೊಲಿಯುತ್ತಿದ್ದಳು.

"ಮಚ್ಛೇಂದ್ರಣ್ಣಾ, ವೈನಿ ಎಷ್ಟೊತ್ತಿಗಿ ಹೋದರು?"

"ಮೂರೂವರಿ ಇರಬೇಕು. ಯಾಕ?"

"ಚಹಾ ತರಾಕ?"

"ಹೂಂ."

ಸ್ಟೂಲಿನ ಮೇಲಿನ ಥರ್ಮಾಸನ್ನು ಅವನೂ ಆಗಲೇ ನೋಡಿದ. ಚಹಾ ತರಲು ಹೋದವಳು ಅದನ್ನು ಒಯ್ದೇ ಇರಲಿಲ್ಲ. ಮುಚ್ಚಳ ಹಾಕಿದ್ದು ಹಾಕಿದ ಹಾಗೇ ಇತ್ತು.

ಅವನ ಮುಖದ ಬಣ್ಣ ಇಳಿಯಿತು. ನಿನ್ನೆ ಆನೆ ಮೈಮೇಲೆ ಬಂದಾಗಲೂ ಅಲುಗದ ಕೈ ನನ್ನ ಮಣಿಕಟ್ಟನ್ನು ಹಿಡಿಯಿತು. ಹಿಡಿತ ಕಬ್ಬಿಣದಷ್ಟಿತ್ತು.

"ಬ್ಯಾಡ ತಮ್ಮಾ," ಎಂದ. ದನಿ ಮೆತ್ತಗಿರಲಿಲ್ಲ ಈಗ. "ಆಕಿ ಯಾಕ ಮಾಡ್ಯಾಳ ಅಂತ ನಿನಗ ಗೊತ್ತಿಲ್ಲ."

"ನಿನಗ ಗೊತ್ತದ ಏನು?"

ಅವನು ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಗಡಿಯಾರದಲ್ಲಿ ಐದಕ್ಕೆ ಎಂಟು ನಿಮಿಷ. ಇನ್ನೊಂದು ಕೈಯಲ್ಲಿ ಫೋನು, ಅದರೊಳಗೆ ಜೀಪು ಚಾಲೂ ಆದ ಸದ್ದು, ಅದರ ಮೇಲೆ ಅಬ್ದುಲ ಅಜೀಜ ಸಾಹೇಬರ ದನಿ.

"ಹಲೋ? ನರಸಿಂಗ? ಪೆನ್ನು ಹಿಡದು ನಿಂತೀನೋ. ಯಾರ ಹೆಸರು ಬರೀಲಿ?"